ಗೌಡನ ಮೈಮೇಲೆ ಬಿಳಿ ಚುಕ್ಕಿ

ಚನ್ನವೀರ: ಹಂಗಾರ ನಾ ಸುಳ್ಳು ಹೇಳಾಕತ್ತೀನೇನು? ನೀನ ಬಂದು ನೋಡು. ಮತ್ತ ಬಂದಾವ ಚುಕ್ಕಿ.

ಸುನಂದಾ: ಬಂದ್ರ ನಾ ಏನು ಮಾಡ್ಲಿ? ನಾ ಏನು ಕುಂಕುಮ ಕೊಟ್ಟು ಕರದೀನೇನ್ರಿ?

ಚನ್ನವೀರ: ನಾ ಮುಂಜಾನೆದ್ದು ಮಾನ್ವಿಗೆ, ಮಿಲ್ಲಿಗೆ ಹೋಗಾಂವ. ದಿನಾ ಮನ್ಯಾಗ ಇರಾಕಿ ನೀ. ನೀನ ಏನರ ಮಾಡೀರ್ಬೇಕು.

ಸುನಂದಾ: ಮಾಡೀನಲ್ಲ. ರೊಟ್ಟಿ ಮಾಡೀನಿ, ಪುಂಡಿಪಲ್ಯ ಮಾಡೀನಿ. ಮೀನಿನ ಮೈಮ್ಯಾಲ ಚುಕ್ಕಿ ಇಡೂ ಕೆಲಸ ಇನ್ನೂ ಕಲ್ತಿಲ್ಲ.

ಈ ಜಗಳ ನಡೆದದ್ದು ಒಂದು ಸಂಜೆ, ರಾಯಚೂರಿನ ಅವರ ಮನೆಯ ಪಡಸಾಲೆಯಲ್ಲಿ, ಗಾಜಿನ ತೊಟ್ಟಿಯ ಮುಂದೆ. ಅಕ್ಕಿ ಮಿಲ್ಲಿನ ಚನ್ನವೀರನಿಗೆ ಬಿ.ಪಿ. ಏರಿದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನೆಯಲ್ಲಿ ಒಂದೆರಡು ಮೀನು ಸಾಕಿಕೊಂಡು ಸಂಜೆ ಸುಮ್ಮನೆ ಕೂತು ನೋಡಿ, ಮನಸ್ಸು ತಣ್ಣಗಾಗುತ್ತದೆ ಎಂದಿದ್ದರು. ಮೀನು ಬಂದವು, ಮನಸ್ಸೂ ತಣ್ಣಗಾಯಿತು. ಅಷ್ಟರಲ್ಲಿ ಎಳ್ಳಮಾವಾಸ್ಯೆಯ ಚಳಿಗೆ ಅವುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ ಎದ್ದವು. ಒಂದು ಮೀನು ಸತ್ತೇ ಹೋಯಿತು, ಇನ್ನೊಂದರ ಚುಕ್ಕಿ ಚಿಕಿತ್ಸೆಗೆ ಹೋಗಿ ಈಗ ಮತ್ತೆ ಎದ್ದಿದ್ದವು. ಉಳಿದದ್ದು ಗೌಡ ಒಬ್ಬನೇ. ಕೆಂಪು ಮೈ, ಮುಂದಕ್ಕೆ ಬಂದ ಹೊಟ್ಟೆ, ಅವಸರವೆಂಬುದೇ ಗೊತ್ತಿಲ್ಲದ ನಡೆ, ಅದಕ್ಕೇ ಆ ಹೆಸರು. ಚನ್ನವೀರನಿಗೆ ಗೌಡನೆಂದರೆ ಪ್ರಾಣ. ಐವತ್ತು ದಾಟಿದ ಗಂಡಸು ಒಂದು ಮೀನಿಗೆ ಇಷ್ಟು ಮರುಗುತ್ತಾನೆಂದರೆ ಜನ ನಕ್ಕಾರು ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಮೂಲೆಯ ಚಾಪೆಯ ಮೇಲೆ ರುದ್ರಾಕ್ಷಿ ಎಣಿಸುತ್ತಿದ್ದ ಅವನ ತಾಯಿ ಶರಣಮ್ಮ ಕಣ್ಣು ಮುಚ್ಚಿದ್ದಳು. ಕಿವಿ ತೆರೆದೇ ಇತ್ತು.

ಶರಣಮ್ಮ: ಚುಕ್ಕಿ ಅಲ್ಲಲೇ ಅವು, ವಿಭೂತಿ. ನೀ ಅಂತೂ ಹಣಿಗೆ ಹಚ್ಚೂದು ಬಿಟ್ಟಿ. ಮೀನರ ಹಚ್ಕೊಳ್ಳಿ ಬಿಡು.

ಚನ್ನವೀರ: ಯವ್ವಾ, ವಿಭೂತಿ ಹಚ್ಕೊಂಡಂವ ಕಲ್ಲಿಗೆ ಮೈ ತಿಕ್ತಾನೇನು? ಉಣ್ಣೂದು ಬಿಡ್ತಾನೇನು?

ಶರಣಮ್ಮ: ಸೋಮವಾರ ಬಿಡ್ತಾನ.

ಸುನಂದಾ: ಇವತ್ತು ಗುರುವಾರ, ಅತ್ತಿ.

ಗೌಡ ತಳದ ಕಲ್ಲಿಗೆ ಒರಗಿ ಒಂದೇ ಸಮನೆ ಕಿವಿರು ಆಡಿಸುತ್ತಿದ್ದ. ಚನ್ನವೀರ ಗಾಜಿಗೆ ಮೂಗು ಹಚ್ಚಿ ನೋಡಿದ.

ಚನ್ನವೀರ: ಇವತ್ತು ಗೌಡ ಹೋದ್ರ ನನ್ನ ಬಿ.ಪಿ. ಏನಾಗ್ತದ ಗೊತ್ತದೇನು ನಿನಗ?

ಸುನಂದಾ: ಗೊತ್ತದ. ನಿಮ್ಮ ಬಿ.ಪಿ. ಇಳಿಸಾಕ ಅದು ಬಂತು. ನಿಮ್ಮ ಮಾರಿ ದಿನಾ ನೋಡಿ ನೋಡಿ ಅದಕ್ಕ ಜಡ್ಡು ಬಂತು. ಕಲ್ಲೂರಾಗ ನಮ್ಮಪ್ಪ ಈದ ಎಮ್ಮಿಗೂ ಇಷ್ಟು ಉಪಚಾರ ಮಾಡಿಲ್ಲ. ಕುಬ್ರಾ ಬೇಗಂ ಅವ್ರನ್ನ ಕರೀತೀನಿ, ತಡೀರಿ.

ಕುಬ್ರಾ ಬೇಗಂ ಎಂದರೆ ಗೋಡೆಯಾಚೆ ಮನೆಯವರು, ನಿವೃತ್ತ ಉರ್ದು ಶಾಲೆ ಟೀಚರು. ಅವರ ಮನೆಯಲ್ಲೂ ಮೀನಿನ ತೊಟ್ಟಿಯಿತ್ತು. ಮೊದಲ ಸಲ ಚುಕ್ಕಿ ಎದ್ದಾಗ ಚಿಕಿತ್ಸೆ ಹೇಳಿಕೊಟ್ಟವರೂ ಅವರೇ. ಬಂದವರೇ ಕನ್ನಡಕ ಏರಿಸಿ, ತಪ್ಪು ಲೆಕ್ಕ ಮಾಡಿದ ಹುಡುಗನ ಪಾಟಿ ನೋಡುವಂತೆ ತೊಟ್ಟಿ ನೋಡಿದರು.

ಕುಬ್ರಾ ಬೇಗಂ: ನಾ ಹೇಳಿದ್ದೆಲ್ಲಾ ಮಾಡೀರೇನಣ್ಣಾ?

ಚನ್ನವೀರ: ಮಾಡೀನ್ರಿ. ನೀರು ಬೆಚ್ಚಗಿಡೂ ಹೀಟರ್ ತಂದೆ. ರಾಯಚೂರಾಗ ಹೀಟರ್ ಕೇಳಿದ್ದಕ್ಕ ಅಂಗಡಿ ಹುಲಿಗೇಶ, ‘ಎರಡು ತಿಂಗಳು ತಡೀರಿ ಸಾವ್ಕಾರ್ರ, ಪುಕ್ಕಟೆ ಕಾಯ್ತದ’ ಅಂತ ನಕ್ಕ.

ಕುಬ್ರಾ ಬೇಗಂ: ಉಪ್ಪು?

ಚನ್ನವೀರ: ಹಾಕೀನ್ರಿ, ನೀವು ಹೇಳಿದಷ್ಟ. ನನಗ ಸಾರಿನ್ಯಾಗ ಚಿಟಿಕಿ ಉಪ್ಪಿಗೆ ಗತಿ ಇಲ್ಲ, ಮೀನಿಗೆ ಚಮಚಗಟ್ಲೆ ಹರಳುಪ್ಪು.

ಸುನಂದಾ: ನೀವೂ ಗಾಜಿನ ಪೆಟಗಿ ಒಳಗ ಕುಂದರ್ರಿ, ನಿಮಗೂ ಹಾಕ್ತೀನಿ.

ಕುಬ್ರಾ ಬೇಗಂ: ಜರಾ ತಡೀರಿ. ಈ ನೀರು ಯಾಕ ಹಳದಿ ಅದ?

ಚನ್ನವೀರ: ಅದು... ಅರಿಶಿಣ ರೀ. ಗಾಯಕ್ಕ ಚಲೋ ಅಂತ ಮುಂಜಾನೆ ಹೋಗೂಮುಂದ ನಾನ ಒಂದೀಟು ಉದುರಿಸೀನಿ.

ಕುಬ್ರಾ ಬೇಗಂ: ಅರಿಶಿಣ ಹಾಕು ಅಂತ ನಾ ಯಾವಾಗ ಹೇಳಿದ್ದೆ?

ಚನ್ನವೀರ: ನೀವು ಹೇಳಿಲ್ರಿ. ಆದ್ರ ಅರಿಶಿಣ ಯಾರಿಗೆ ಕೆಟ್ಟದ್ದು ಮಾಡ್ಯದ?

ಮೂಲೆಯಲ್ಲಿ ರುದ್ರಾಕ್ಷಿಯ ಸಪ್ಪಳ ನಿಂತಿತು. ಯಾರೂ ಅದನ್ನು ಗಮನಿಸಲಿಲ್ಲ.

ಕುಬ್ರಾ ಬೇಗಂ: ನೋಡಣ್ಣಾ, ಚುಕ್ಕಿ ಹೋದ್ರ ಜಡ್ಡು ಹೋತು ಅಂತಲ್ಲ. ಅದು ಮೈಮ್ಯಾಲಿಂದ ಉದುರಿ ತಳದ ಕಲ್ಲಿನ್ಯಾಗ ಕೂಡ್ತದ. ಅಲ್ಲಿ ಮರಿ ಮಾಡಿ, ಆ ಮರಿ ಮತ್ತ ಮೀನಿನ ಮೈಗೆ ಹತ್ತತಾವ. ನೀರಾಗ ಅವು ಈಜಾಡಾಕತ್ತಾಗ ಬಿಸಿ, ಉಪ್ಪು ಎರಡೂ ಒಂದ ಸಮ ಇದ್ರ ಮಾತ್ರ ಸಾಯ್ತಾವ. ಒಂದಿನ ಬಿಸಿ, ಒಂದಿನ ಥಂಡಿ ಅಂದ್ರ ಮೀನಿಗೆ ಇನ್ನೂ ತ್ರಾಸ.

ಹೇಳುತ್ತಲೇ ಅವರು ನೀರಿಗೆ ಬೆರಳು ಅದ್ದಿ, ಹಾಗೇ ಹಿಂದಕ್ಕೆಳೆದರು.

ಕುಬ್ರಾ ಬೇಗಂ: ಇದೇನು, ಬಾವಿ ನೀರಿನಂಗ ಥಣ್ಣಗದ.

ಚನ್ನವೀರ: ಸುನಂದಾ, ಹೀಟರ್ ತಗದಿದ್ದೇನು? ಖರೇ ಹೇಳು. ಮೊಬೈಲ್ ಚಾರ್ಜಿಗೆ ಹಾಕಿದ್ದೇನು?

ಸುನಂದಾ: ಕಣ್ಣು ತಗದು ನೋಡ್ರಿ, ಕೆಂಪು ಲೈಟು ಉರಿಯಾಕತ್ತದ. ನೀವು ತಂದ ಮಷೀನ ಖೊಟ್ಟಿ ಇರ್ಬೇಕು.

ಚನ್ನವೀರ: ಮುಂಜಾನೆ ನಾ ಮುಟ್ಟಿ ನೋಡೀನಿ, ಬೆಚ್ಚಗಿತ್ತು. ನಿನ್ನ ಕೈಯಾಗ ಬಿಟ್ಟು ಹೋದ ಮ್ಯಾಲ ಥಂಡಿ ಆಗ್ಯದ.

ಸುನಂದಾ: ಹೌದು, ನನ್ನ ಕೈ ಬರ್ಫಿಂದು. ಲಗ್ನ ಆಗೂಮುಂದ ಹೇಳೂದು ಮರತಿದ್ದೆ.

ಕುಬ್ರಾ ಬೇಗಂ: ಜಗಳ ಆಮ್ಯಾಲ ಮಾಡ್ರಿ. ಕಾಯೂ ನೀರು ದಿನದಿನಕ್ಕ ಕಡಿಮಿ ಆಗ್ಬೇಕು, ಹೌದಿಲ್ಲೋ? ಇದು ಅಂಚಿನ ತನಕ ಏರ್ಯದ. ಉಪ್ಪೂ ತೆಳುವಾಗಿರ್ತದ. ಮ್ಯಾಲಿಂದ ಯಾರೋ ನೀರು ಹಾಕಾಕತ್ತಾರ.

ಸುನಂದಾ ಏನೋ ನೆನಪಾದವಳಂತೆ ಅಡುಗೆಮನೆಯ ಕಡೆ ತಿರುಗಿದಳು.

ಸುನಂದಾ: ಈ ಚಳಿಯಾಗ ಗಡಿಗಿ ನೀರು ಯಾರೂ ಕುಡಿಯೂದಿಲ್ಲ. ಆದ್ರೂ ಸಂಜಿ ಆಗೂದ್ರಾಗ ಗಡಿಗಿ ಖಾಲಿ. ಅದು ಸೋರ್ತದ ಅಂತ ನಾ ಅಂದ್ಕೊಂಡಿದ್ದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯಲ್ಲಿದ್ದ ಶರಣಮ್ಮ ತೊಯ್ದ ಸೆರಗನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡಳು. ಮೂವರೂ ಅದನ್ನು ನೋಡಿಬಿಟ್ಟರು.

ಚನ್ನವೀರ: ಯವ್ವಾ?

ಶರಣಮ್ಮ: ಹೌದು, ನಾನ ಹಾಕೀನಿ. ದಿನಾ ಬಿಸಿ ನೀರು ತಗದು ತಣ್ಣೀರು ಹಾಕೀನಿ. ಏನೀಗ?

ಚನ್ನವೀರ: ಯಾಕ ಬೇ?

ಶರಣಮ್ಮ: ಯಾಕ ಅಂತ ನನ್ನನ್ನ ಕೇಳ್ತಿ? ಬಿ.ಪಿ.ಗೆ ಡಾಕ್ಟ್ರು ಮೀನು ಹೇಳ್ಯಾರ ಅಂದಿ. ಮೀನು ತಂದಿ. ಹೊಟ್ಟಿ ಬರೂಹಂಗ ಮೇಯಿಸಿದಿ. ಆಮ್ಯಾಲ ನೀರು ಕಾಸಿದಿ. ಉಪ್ಪು ಹಾಕಿದಿ. ಇವತ್ತು ಅರಿಶಿಣಾನೂ ಹಾಕಿದಿ. ನಾ ಮುದುಕಿ ಇರಬಹುದು, ಸಾರು ಹೆಂಗ ಮಾಡ್ತಾರಂತ ನನಗ ಗೊತ್ತಿಲ್ಲೇನು?

ಚನ್ನವೀರ ಒಮ್ಮೆ ತೊಟ್ಟಿಯನ್ನು, ಒಮ್ಮೆ ತಾಯಿಯನ್ನು ನೋಡಿದ.

ಚನ್ನವೀರ: ಯವ್ವಾ, ಡಾಕ್ಟ್ರು ನೋಡಾಕ ಹೇಳ್ಯಾರ. ತಿನ್ನಾಕಲ್ಲ.

ಶರಣಮ್ಮ: ನೋಡಿದ್ರ ಬಿ.ಪಿ. ಇಳೀತದ ಅಂದ್ರ ಯಾರು ನಂಬ್ತಾರ? ನಿನ್ನ ನೋಡಿದ್ರ ನನಗ ಏರ್ತದ. ಶ್ರಾವಣದಾಗ ಉಳ್ಳಾಗಡ್ಡಿ ಹೆಚ್ಚದ ಮನಿ ಇದು. ಜಗಳ ಮಾಡಿದ್ರ ನೀ ಹೊರಗ ಖಾನಾವಳ್ಯಾಗ ಹೋಗಿ ತಿಂದೀ ಅಂತ ಹೆದರಿ, ಬಾಯಿ ಮುಚ್ಕೊಂಡು ನೀರು ಹಾಕ್ಕೋತ ಬಂದೆ. ಹೆಸರಿಟ್ಟು ಕರದ ಜೀವ ಅದು. ಕುದಿಯಾಕ ಬಿಡ್ಲೇನು?

ಸುನಂದಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ಹೊರಗೆ ಬಂದರೆ ಅತ್ತೆಗೆ ಅವಮಾನ, ಒಳಗೇ ಉಳಿದರೆ ತನಗೆ ಬಿಕ್ಕಳಿಕೆ.

ಕುಬ್ರಾ ಬೇಗಂ: ಅದಕ್ಕೇನ್ರಿ ಅಮ್ಮಾ, ವಾರದಿಂದ ಗ್ವಾಡಿ ಮ್ಯಾಲಿಂದ ಮಾತಾಡ್ಸಿದ್ರೂ ನನಗ ಉತ್ತರ ಕೊಟ್ಟಿಲ್ಲ?

ಶರಣಮ್ಮ: ಮತ್ತ? ನೀನ ಸಾರಿನ ವಿಧಾನ ಹೇಳಿಕೊಟ್ಟಿ ಅಂದ್ಕೊಂಡಿದ್ದೆ.

ಕುಬ್ರಾ ಬೇಗಂ: ಮೀನು ಸಾಕಿದಾಗಿನಿಂದ ನಾ ಮೀನು ತಿನ್ನೂದ ಬಿಟ್ಟೀನ್ರಿ. ತಾಟಿನ್ಯಾಗಿಂದ ನನ್ನ ನೋಡಿದಂಗ ಆಗ್ತದ. ಇನ್ನ ಸಾರು ಹೇಳಿಕೊಡೂದಿದ್ರ ಖಾರ ಬಿಟ್ಟು ಹೇಳ್ತಿದ್ನೇನು? ನನ್ನ ಮರ್ಯಾದಿ ಏನಾಗ್ಬೇಕು?

ಶರಣಮ್ಮ ಎದ್ದು ತೊಟ್ಟಿಯ ಹತ್ತಿರ ಬಂದಳು. ಗೌಡನ ಕಿವಿರು ಇನ್ನೂ ಆಡುತ್ತಿತ್ತು, ಸೋತು ಸೋತು.

ಶರಣಮ್ಮ: ಹಂಗಾರ ನಾ ಉಳಿಸಾಕ ಹೋಗಿ ಕೊಲ್ಲಾಕತ್ತಿದ್ನೇನು, ಕುಬ್ರಾ?

ತೊಯ್ದ ಸೆರಗಿನಿಂದಲೇ ಅವಳು ಗಾಜು ಒರೆಸತೊಡಗಿದಳು. ಚನ್ನವೀರನಿಗೆ ಇನ್ನು ಸಿಟ್ಟು ಮಾಡಲು ಬರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಮಗ ಕಾಸಿದ್ದ, ತಾಯಿ ಆರಿಸಿದ್ದಳು. ಎಳೆದದ್ದು ಇಬ್ಬರೂ ಪ್ರೀತಿಯಿಂದಲೇ, ನಡುವೆ ಸಿಕ್ಕವನು ಗೌಡ.

ಚನ್ನವೀರ: ನಿಂದೊಬ್ಬಾಕಿದ ತಪ್ಪಲ್ಲ ಬೇ. ಅರಿಶಿಣ ನಂದು. ಮೊದಲ ಸಲ ಚುಕ್ಕಿ ಹೋದ ಕೂಡ್ಲೆ ಹೀಟರ್ ತಗದಿಟ್ಟಂವಾನೂ ನಾನ, ಚುಕ್ಕಿ ಮತ್ತ ಎದ್ದ ಮ್ಯಾಲನ ಹಾಕೀನಿ.

ಸುನಂದಾ: ಅಷ್ಟೊತ್ತು ನನ್ನ ಬೈದದ್ದು ಯಾರ ಲೆಕ್ಕಕ್ಕ?

ಚನ್ನವೀರ: ಅದು... ಬಿ.ಪಿ. ಲೆಕ್ಕಕ್ಕ.

ಅಂದೇ ತಳದ ಕಲ್ಲು ಸ್ವಚ್ಛವಾಯಿತು, ಹಳದಿ ನೀರು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಯಿತು, ಅಷ್ಟೇ ಬೆಚ್ಚಗಿನ ಹೊಸ ನೀರು, ಹೊಸ ಉಪ್ಪು ಒಳಗೆ ಬಂದವು. ಶರಣಮ್ಮ ಚಾಪೆಯನ್ನು ಮೂಲೆಯಿಂದ ತೊಟ್ಟಿಯ ಮುಂದಕ್ಕೆ ಎಳೆದುಕೊಂಡಳು. ಕೆಲವು ದಿನಕ್ಕೆ ಚುಕ್ಕಿ ಮಾಯವಾದವು. ಚನ್ನವೀರ ಹೀಟರಿನ ವೈರಿಗೆ ಕೈ ಹಾಕಿದ.

ಶರಣಮ್ಮ: ಕೈ ತಗೀಲೇ. ತಳದಾಗ ಕುಂತಿರ್ತಾವ ಅವು. ಕುಬ್ರಾ ಹೇಳಿಲ್ಲೇನು? ಆಕಿ ಬಂದು ಸಾಕು ಅನ್ನೂತನಕ ಯಾರೂ ಮುಟ್ಟಾಂಗಿಲ್ಲ.

ಯಾರೂ ಮುಟ್ಟಲಿಲ್ಲ. ಆಮೇಲೆ ಕುಬ್ರಾ ಬೇಗಂ ಬಂದು ಸಾಕು ಎಂದರು. ಚುಕ್ಕಿ ಮತ್ತೆ ಬರಲಿಲ್ಲ. ಗೌಡ ಮೊದಲಿನ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಗಸ್ತು ತಿರುಗತೊಡಗಿದ. ಆ ಸಂಜೆ ಚನ್ನವೀರ ಸಂತೆಯಿಂದ ಬಂದವನೇ, ಗೌಡನನ್ನು ನೋಡುವ ಖುಷಿಯಲ್ಲಿ ಕೈಚೀಲವನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟ. ಚೀಲದ ಬಾಯಿಂದ ಕೊತ್ತಂಬರಿ ಹೊರಗೆ ಇಣುಕುತ್ತಿತ್ತು, ಅದರ ಕೆಳಗೆ ಹುಣಸೆಹಣ್ಣು. ಶರಣಮ್ಮ ಎದ್ದಳು. ಮಾತಿಲ್ಲದೆ ಚೀಲವನ್ನೆತ್ತಿ ಅಡುಗೆಮನೆಯ ಕಡೆ ಹೊರಟಳು.

ಚನ್ನವೀರ: ಯವ್ವಾ, ಇನ್ನೂ ನನ್ನ ಮ್ಯಾಲ ನಂಬಿಕಿ ಇಲ್ಲೇನು?

ಶರಣಮ್ಮ: ನನಗ ಅದಲೇ ಯಪ್ಪಾ. ಗೌಡಗ ಇನ್ನೂ ಬಂದಿಲ್ಲ.