ಅಣ್ಣನ ಮನೆಯಲ್ಲಿ ಕರಿ ಬಂದ್

ಒಂದು ಬಣ್ಣವನ್ನೇ ಮನೆಯಿಂದ ಹೊರಗೆ ಹಾಕಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ನನ್ನ ಸ್ವಂತ ಅಣ್ಣ. ಅವನನ್ನು ಹುಚ್ಚ ಎನ್ನುವುದಿಲ್ಲ. ಹಾಗಂದರೆ ನನ್ನ ತವರಿನ ಹೆಸರೇ ಕೆಡುತ್ತದೆ.

ಎಪ್ಪತ್ತರ ದಶಕದ ಮಾತು. ಅತ್ತಿಗೆ ತೀರಿಕೊಂಡ ಮೇಲೆ ಮುರಗೋಡದ ಮನೆಯಲ್ಲಿ ಅಣ್ಣ ಮತ್ತು ಮಗಳು ಇಬ್ಬರೇ. ಹುಡುಗಿ ಕರ್ರಗಿದ್ದಳು. ಸವದತ್ತಿಯಿಂದ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಕರಿ ಎಂದು ಎದ್ದು ಹೋದರು. ಒಳಗಿದ್ದ ಅವಳಿಗೆ ಅದು ಕೇಳಿಸಿತು. ಅಂದಿನಿಂದ ಆ ಮನೆಯಲ್ಲಿ ಆ ಮಾತು ಬಂದ್.

ಕರಿ ಕಂಬಳಿ ಆಳಿನ ಪಾಲಾಯಿತು. ಹಬ್ಬದ ಮರುದಿನದ ಕರಿಯನ್ನು 'ಹಬ್ಬದ ನಾಳೆ' ಎನ್ನಬೇಕು. ಎಮ್ಮೆಯನ್ನು ಮಾತ್ರ ಏನೂ ಮಾಡಲಾಗದೆ ಹಿತ್ತಲಿಗೆ ಕಟ್ಟಿದ. ತವರಿಗೆ ಹೋದಾಗ ಸಜ್ಜೆ ರೊಟ್ಟಿಗೆ ಹಚ್ಚಲು ಕರಿ ಎಳ್ಳು ತರಲು ನಾನು ಅಣ್ಣನಿಗೆ ಹೇಳಿದೆ.

"ಎಳ್ಳು ಅಂದ್ರ ಸಾಲೂದಿಲ್ಲೇನ ನಿನಗ?"

"ಅಂಗಡ್ಯಾಂವ ಬಿಳೀವು ಕೊಟ್ರ ನೀನ ತಿನ್ನು."

ಆಮೇಲೆ ಸುರೇಬಾನದವರು ಬಂದರು. ಹುಡುಗನ ತಂದೆ ಕೇಳಿದ್ದು ಒಂದೇ: ಹೊಲ ಕರಿಯೋ, ಕೆಂಪು ಮಣ್ಣಿನ ಮಸಾರಿಯೋ? ಜೋಳ, ಹತ್ತಿ ಎರಡೂ ಬೆಳೆಯುವ ಕರಿ ಹೊಲ ಅಣ್ಣನದು. ಬೇರೆ ಯಾರೇ ಆಗಿದ್ದರೂ ಮೀಸೆ ತಿರುವಿ ಹೇಳುತ್ತಿದ್ದರು. ನಮ್ಮವನು ಬೆವೆತು, ಕೆಮ್ಮಿ, "ಮಸಾರಿ" ಎಂದ! ಕರಿ ಹೊಲವೆಂದು ನಂಬಿಸಿ ಅವರನ್ನು ಕರೆತಂದ ಮಧ್ಯಸ್ಥನ ಮುಖ ನೋಡಬೇಕಿತ್ತು. ಇನ್ನೂ ಏನೇನು ಸುಳ್ಳು ಹೇಳಿದ್ದಾರೋ ಎಂದು ಸುರೇಬಾನದವರು ಟೊಪ್ಪಿಗೆ ತೆಗೆದುಕೊಂಡು ಎದ್ದರು.

ಚಹಾ ಹಿಡಿದು ನಿಂತಿದ್ದ ಹುಡುಗಿಯೇ ಬಾಯಿ ಬಿಟ್ಟಳು. "ನಮ್ಮ ಹೊಲ ಕರೀದೈತ್ರಿ. ನಾನೂ ಕರಿ ಅದೀನ್ರಿ. ಎರಡೂ ನೋಡಿ ಹೇಳ್ರಿ."

ಹುಡುಗನ ತಂದೆ ನಕ್ಕು ಮತ್ತೆ ಕುಳಿತ. ಸಂಬಂಧ ಕೂಡಿತು. ಅಣ್ಣ ಮಾತ್ರ ಆಗಲೂ ಆ ಮಾತು ಆಡಲಿಲ್ಲ.

ನಮ್ಮ ಮನೆತನದಲ್ಲಿ ತಾಳಿ ಗಂಡಿನವರದು, ಅದಕ್ಕೆ ಪೋಣಿಸುವ ಮಣಿ ತವರಿನದು. ಬೈಲಹೊಂಗಲದ ಪೇಟೆಗೆ ಅಣ್ಣ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯಲ್ಲಿ ನಿಂತು "ಮಣಿ ಕೊಡ್ರಿ" ಎಂದ, ಅಷ್ಟೇ. ಅಂಗಡಿಯವ ಕೆಂಪು ಹರವಿದ, ಹಸಿರು ಹರವಿದ, ಮುತ್ತಿನಂಥ ಬಿಳಿಯನ್ನೂ ತೋರಿಸಿದ. ಅಣ್ಣ ಎಲ್ಲಕ್ಕೂ ತಲೆ ಅಲ್ಲಾಡಿಸಿದ.

"ಯಾವ ಬಣ್ಣದ್ದು ಬೇಕ್ರಿ ಕಾಕಾ?"

ಹೇಳಿ ಮುಗಿಸೋಣವೆಂದು ನಾನು ಬಾಯಿ ತೆರೆದೆ. ಅಣ್ಣ ನನ್ನ ಕೈ ಹಿಡಿದು ತಡೆದ.

"ಕರೀ ಮಣಿ ಕೊಡಪಾ," ಎಂದ. "ನನ್ನ ಮಗಳ ಬಣ್ಣದ್ದು."