ಪರದೇಶದ ಕಾಯಿಗೆ ಶಿವಮೊಗ್ಗದ ಬಿಸಿಲು

ಕಸ್ಟಮ್ಸ್ ಕಾಗದಪತ್ರದ ಕೆಲಸ ಅಂದ್ರೆ ಬರೀ ಸಪ್ಪೆ ಅಂತ ಜನ ತಿಳ್ಕೊಂಡಿದ್ದಾರೆ. ನಾನೂ ಹಾಗೇ ತಿಳ್ಕೊಂಡೇ ಸೇರಿದ್ದು. ಆದ್ರೆ ವಾರಕ್ಕೊಂದಾದ್ರೂ ಏನಾದ್ರೂ ಆಗದೆ ಇರಲ್ಲ. ನಾನು ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದ ಹಾಗೇ ಹೆಂಡತಿ ಕೇಳ್ತಾಳೆ, "ಇವತ್ತೇನಾಯ್ತು?" ಅಂತ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಭದ್ರಾವತಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದೆ. ನಟ್ಟು, ಬೋಲ್ಟು, ಗ್ರೀಸು, ಇಷ್ಟೇ ನನ್ನ ಪ್ರಪಂಚ. ಆ ಕಾರ್ಖಾನೆ ಬಾಗಿಲು ಹಾಕ್ತು. ಐವತ್ತೆರಡನೇ ವಯಸ್ಸಿನಲ್ಲಿ ಕೆಲಸ ಕೇಳ್ಕೊಂಡು ಹೋಗೋದು ಎಂಥ ಮುಜುಗರ ಅನ್ನೋದು ಹೋದವನಿಗೇ ಗೊತ್ತು. ಎಂಟು ತಿಂಗಳು ಅಲೆದ ಮೇಲೆ ಶಿವಮೊಗ್ಗದ ಒಂದು ಸಣ್ಣ ಆಫೀಸಿನಲ್ಲಿ ಒಬ್ಬ ಮೇಡಂ ನನ್ನನ್ನ ಕರೆದು ಕೂರಿಸಿದ್ರು. ಹೊರದೇಶದ ತಿಂಡಿ-ತಿನಿಸು, ವೈನು ತರಿಸೋ ವ್ಯಾಪಾರಿಗಳಿಗೆ ಮಂಗಳೂರು ಬಂದರಿನಿಂದ ಮಾಲು ಬಿಡಿಸಿಕೊಡೋದು ಅವರ ಕಸುಬು. ಅವತ್ತು ಕೂತ ಕುರ್ಚಿಗೆ ಇವತ್ತಿಗೂ ಮನಸ್ಸಲ್ಲೇ ಕೈ ಮುಗೀತೀನಿ.

ಒಡೆದ ಬಾಟ್ಲಿ

ಮೇಡಂ ಕೇಳಿದ ಮೊದಲ ಪ್ರಶ್ನೆ, "ವೈನ್ ಬಗ್ಗೆ ಏನು ಗೊತ್ತು?"

ಸುಳ್ಳು ಹೇಳಿ ದಕ್ಕಿಸ್ಕೊಳ್ಳೋ ಧೈರ್ಯ ನನಗಿಲ್ಲ. "ಏನೂ ಗೊತ್ತಿಲ್ಲ ಮೇಡಂ. ಕುಡಿಯೋದೂ ಇಲ್ಲ" ಅಂದೆ. ಇದೂ ಹೋಯ್ತು ಅಂತ ಚೀಲ ತಗೊಂಡು ಎದ್ದೆ.

"ಕೂತ್ಕೊಳ್ಳಿ" ಅಂದ್ರು. "ಎಲ್ಲಾ ಗೊತ್ತಿದ್ದೋರೊಬ್ಬರು ನಿಮಗಿಂತ ಮುಂಚೆ ಇದ್ರು. ಪ್ರತಿ ಸಲ ಎರಡು ಬಾಟ್ಲಿ ದಾರಿಯಲ್ಲಿ ಒಡೆಯಿತು ಅಂತ ಬರೀತಿದ್ರು. ಗಾಜಿನ ಚೂರು ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ. ನಿಮ್ಮನ್ನ ಮೂರು ತಿಂಗಳು ನೋಡ್ತೀನಿ, ಸರಿ ಬಂದ್ರೆ ಕಾಯಂ."

ಕುಡಿಯದೆ ಇದ್ದದ್ದಕ್ಕೆ ಮದುವೆ ಮನೆಗಳಲ್ಲಿ ಗೆಳೆಯರಿಂದ ಬೈಸ್ಕೊಂಡಿದ್ದೆ. ಅದಕ್ಕೆ ಸಂಬಳ ಸಿಕ್ಕಿದ್ದು ಅದೇ ಮೊದಲು.

ನನ್ನ ಹೆಸರಿನ ಮಹಿಮೆ

ಹೆಂಡತಿ ಖುಷಿಗೆ ಪಕ್ಕದ ಮನೆಯ ಅಜ್ಜಿಗೆ "ಇವರಿಗೆ ಕಸ್ಟಮ್ಸಲ್ಲಿ ಕೆಲಸ ಆಯ್ತು" ಅಂದುಬಿಟ್ಟಿದ್ದಾಳೆ. ಸಂಜೆಗೆ ಅಜ್ಜಿ ಬಂದ್ರು.

"ನಮ್ಮ ಅಳಿಯ ದುಬೈಯಿಂದ ಬರ್ತಾನಪ್ಪ. ವಿಮಾನ ನಿಲ್ದಾಣದಲ್ಲಿ ಒಂದು ಮಾತು ಹೇಳಿಡು."

"ಅಜ್ಜಿ, ನಾನು ಬರೀ ಅರ್ಜಿ ತುಂಬೋ ಗುಮಾಸ್ತ. ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ?"

"ದೊಡ್ಡ ಹುದ್ದೆಯವರು ಹಿಂಗೇ ಮಾತಾಡೋದು" ಅಂತ ಅಜ್ಜಿ ಎದ್ದು ಹೋದ್ರು.

ಮುಂದಿನ ವಾರ ಒಂದು ಡಬ್ಬಿ ಖರ್ಜೂರ ಬಂತು. ಅಳಿಯನನ್ನ ಯಾರೂ ತಡೀಲೇ ಇಲ್ಲವಂತೆ. ಅವನ ಚೀಲದಲ್ಲಿದ್ದದ್ದೇ ಖರ್ಜೂರ ಮತ್ತು ಒಂದು ಕಂಬಳಿ, ಯಾರು ಯಾಕೆ ತಡೀತಾರೆ? ಎಷ್ಟು ಹೇಳಿದ್ರೂ ಅಜ್ಜಿ ನಂಬಲಿಲ್ಲ. "ಸುಮ್ನೆ ತಿನ್ನಿ, ಒಳ್ಳೆ ಖರ್ಜೂರ" ಅಂದಳು ಹೆಂಡತಿ. ಈಗ ನಮ್ಮ ಬೀದಿಯಿಂದ ಯಾರು ವಿಮಾನ ಹತ್ತಿದ್ರೂ ನನ್ನ ಆಶೀರ್ವಾದ ತಗೊಂಡು ಹೋಗ್ತಾರೆ. ನಾನು ಹತ್ತೋದು ಮಾತ್ರ ಭದ್ರಾವತಿ–ಶಿವಮೊಗ್ಗ ಬಸ್ಸು, ಅದರಲ್ಲೂ ಬಹಳ ದಿನ ನಿಂತ್ಕೊಂಡೇ.

ಲಾರಿಗೆ ಪೂಜೆ

ನಮ್ಮ ಗಿರಾಕಿ ಒಬ್ಬರು ಶಿವಮೊಗ್ಗದ್ದೇ ಗೋಪಾಳ ಬಡಾವಣೆಯ ವ್ಯಾಪಾರಿ. ಮೊದಲ ಸಲ ವೈನ್ ತರಿಸಿದ್ರು. ಮಾಲು ಗೋಡೌನಿಗೆ ಬಂದ ದಿನ, ಪೂಜೆ ಆಗದೆ ಲಾರಿ ಬಾಗಿಲು ತೆಗೀಕೂಡದು ಅಂತ ಹಟ. ರಾಹುಕಾಲ ಮುಗಿಯೋವರೆಗೆ ಡ್ರೈವರ್ ಸ್ಟೀರಿಂಗ್ ಮೇಲೆ ತಲೆ ಇಟ್ಟು ಗೊರಕೆ ಹೊಡೆದ.

ಆಮೇಲೆ ಪುರೋಹಿತರು ಬಂದ್ರು. ವ್ಯಾಪಾರಿಗೆ ಒಳಗೊಳಗೇ ಪುಕುಪುಕು, ಒಳಗೇನಿದೆ ಅಂತ ಗೊತ್ತಾದ್ರೆ ಇವರು ವಾಪಸ್ ಹೊರಟುಬಿಟ್ರೆ ಏನು ಗತಿ ಅಂತ. ಪುರೋಹಿತರು ಕುಂಕುಮ ಹಚ್ಚಿದ್ರು, ಚಕ್ರಕ್ಕೆ ನಿಂಬೆಹಣ್ಣು ಇಟ್ರು, ಕಾಯಿ ಒಡೆದ್ರು. ಒಂದೂ ಪ್ರಶ್ನೆ ಕೇಳಲಿಲ್ಲ. ಕೊನೆಗೆ ವ್ಯಾಪಾರಿಯೇ ತಡೀಲಾರದೆ, "ಗುರುಗಳೇ, ಒಳಗೆ ಏನಿದೆ ಅಂದ್ರೆ..." ಅಂತ ಶುರು ಮಾಡಿದ್ರು.

ಪುರೋಹಿತರು ಕೈ ಎತ್ತಿ ತಡೆದ್ರು. "ನಾನು ಪೂಜೆ ಮಾಡಿದ್ದು ಲಾರಿಗೆ. ಒಳಗೇನಿದೆ ಅಂತ ಕೇಳೋದು ಕಸ್ಟಮ್ಸಿನವರ ಕೆಲಸ."

ಇಪ್ಪತ್ತನೇ ಡ್ರಮ್ಮು

ನನ್ನ ಮೂರು ತಿಂಗಳು ಮುಗಿಯೋಕೆ ಒಂದು ವಾರ ಇತ್ತು. ಅದೇ ವ್ಯಾಪಾರಿಯ ಇಪ್ಪತ್ತು ಡ್ರಮ್ಮು ಆಲಿವ್ ಕಾಯಿ ಬಂತು, ಉಪ್ಪುನೀರಲ್ಲಿ ಮುಳುಗಿಸಿದ್ದು. ಮಂಗಳೂರಲ್ಲಿ ಸ್ಯಾಂಪಲ್ ತೆಗೆದಿದ್ರು. ಅದರ ವರದಿ ಬಂದು, ಕಸ್ಟಮ್ಸ್ ಆಫೀಸರು ನೋಡಿ ಬಿಡುಗಡೆ ಮಾಡೋವರೆಗೆ ಡ್ರಮ್ಮಿನ ಸೀಲು ಮುಟ್ಟೋ ಹಾಗಿಲ್ಲ.

ಗೋಡೌನು ನೋಡ್ಕೊಳ್ಳೋನು ನಮ್ಮ ಹಮಾಲಿ ಮೇಸ್ತ್ರಿ. ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಬೆವರು ಸುರಿಸಿದವನು. ಶನಿವಾರ ಹೊರಡೋವಾಗ ಅವನಿಗೆ ಹೇಳಿದೆ, "ಪರದೇಶದ ಕಾಯಿ ಮಾರಾಯ. ಹಾಳಾಗದ ಹಾಗೆ ನೋಡ್ಕೋ. ಇದು ಕೆಟ್ರೆ ನನ್ನ ಕೆಲಸ ಹೋದ ಹಾಗೇ." ಸೀಲಿನ ಮಾತು ಬಾಯಿಗೆ ಬರಲೇ ಇಲ್ಲ. ಬಸ್ಸಿನ ಅವಸರ.

ಸೋಮವಾರ ಸೀಲು ಸರಿಯಿದೆಯಾ ಅಂತ ನೋಡೋಕೆ ಬಂದ ಆಫೀಸರನ್ನ ಕರ್ಕೊಂಡು ಹೋದ್ರೆ ಗೋಡೌನಿನ ಅಂಗಳದ ತುಂಬಾ ಚಾಪೆ. ಚಾಪೆ ತುಂಬಾ ಆಲಿವ್ ಕಾಯಿ. ಮೇಸ್ತ್ರಿ ಬರಿಗಾಲಲ್ಲಿ ಅದರ ನಡುವೆ ಸಾಲಾಗಿ ನಡೀತಾ ಕಾಯಿ ತಿರುವಿ ಹಾಕ್ತಿದ್ದಾನೆ.

"ಬನ್ನಿ ಸಾರ್" ಅಂದ. "ಒಂದು ಡ್ರಮ್ಮು ಸೋರ್ತಿತ್ತು. ತೆಗೆದು ನೋಡ್ತೀನಿ, ಬೇಯಿಸಿದ ಮೇಲೆ ಚೊಗರು ನೀರು ಬಸಿಯೋದೇ ಮರೆತುಬಿಟ್ಟಿದ್ದಾರೆ. ಎಂಥ ಜನ ಸಾರ್ ಅವರು. ನೀರೆಲ್ಲಾ ಚೆಲ್ಲಿ ಒಣಗಿಸ್ತಿದೀನಿ. ಉಳಿದ ಹತ್ತೊಂಬತ್ತು ನಾಳೆ ಮಾಡೋಣ."

"ಅದು ಅಡಿಕೆ ಅಲ್ಲ ಕಣೋ. ನಮ್ಮ ಮಾವಿನಮಿಡಿ ಇಡಲ್ವಾ, ಹಾಗೆ ಉಪ್ಪಲ್ಲಿ ಹಾಕಿಟ್ಟಿದ್ದು."

"ಮಿಡಿ ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ ಸಾರ್?"

ಆಫೀಸರು ಎರಡೂ ಕೈ ಬೆನ್ನಿಗೆ ಕಟ್ಕೊಂಡು ಚಾಪೆ ಸುತ್ತ ಒಂದು ಸುತ್ತು ಬಂದ್ರು. "ಸೀಲ್ ಒಡೆದಿದ್ದು ಹೇಗೆ ಅಂತ ಬರೆದುಕೊಡಿ" ಅಂದ್ರು.

ದಾರಿಯಲ್ಲೇ ಒಡೆದಿತ್ತು ಅಂತ ಬರೆದ್ರೆ ಮುಗೀತಿತ್ತು. ಪೆನ್ನು ತೆಗೆದೆ. ಅಷ್ಟರಲ್ಲಿ ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ, "ನನ್ನ ಹೆಸರು ಬರೀರಿ ಸಾರ್. ಕಾಯಿ ಕೆಟ್ರೆ ನಿಮ್ಮ ಕೆಲಸ ಹೋಗುತ್ತೆ ಅಂದಿದ್ರಲ್ಲ, ಅದಕ್ಕೇ ನಿನ್ನೆ ಭಾನುವಾರಾನೂ ಬಂದು ಬಿಸಿಲಲ್ಲಿ ಕೂತಿದ್ದೆ" ಅಂದ. ಅವನ ಪಾದ ಉಪ್ಪಿಗೆ ಬೆಳ್ಳಗಾಗಿತ್ತು.

ಇದ್ದದ್ದನ್ನ ಇದ್ದ ಹಾಗೇ ಬರೆದೆ: "ಒಂದು ಡ್ರಮ್ಮು ಸೋರುತ್ತಿತ್ತು. ಸೀಲು ಮುಟ್ಟಬಾರದು ಎಂದು ನಾನು ತಿಳಿಸಿರಲಿಲ್ಲ. ಆಲಿವ್ ಎಂದರೇನೆಂದೂ ಹೇಳಿರಲಿಲ್ಲ. ಆದ್ದರಿಂದ ಮೇಸ್ತ್ರಿಯು ಅದನ್ನು ಅಡಿಕೆಯೆಂದು ಭಾವಿಸಿ, ಅತ್ಯಂತ ಕಾಳಜಿಯಿಂದ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿರುತ್ತಾನೆ. ತಪ್ಪು ನನ್ನದು."

ಆಫೀಸರು ಓದಿದ್ರು. ಕರ್ಚೀಫು ತೆಗೆದು ಬಾಯಿಗಿಟ್ಕೊಂಡು ಗೋಡೆ ಕಡೆ ತಿರುಗಿ ನಿಂತ್ರು. ಭುಜ ಮಾತ್ರ ಕುಣೀತಿತ್ತು. ತಿರುಗಿ ಬಂದು, ಈ ಒಂದು ಡ್ರಮ್ಮು ನಾಶ ಮಾಡಿ, ಉಳಿದ ಹತ್ತೊಂಬತ್ತು ವರದಿ ಬಂದ ಮೇಲೆ ಬಿಡ್ತೀನಿ ಅಂದ್ರು.

ಸುದ್ದಿ ಕೇಳಿ ಮೇಡಂ ಓಡಿ ಬಂದ್ರು. ನನ್ನ ಕಾಗದ ಎರಡು ಸಲ ಓದಿದ್ರು. ಚೀಲ ತಗೊಂಡು ಮನೆಗೆ ಹೋಗಿ ಅಂತಾರೆ ಅಂದ್ಕೊಂಡೆ.

"ಈ ಆಫೀಸಿನಿಂದ ಇದ್ದದ್ದು ಇದ್ದ ಹಾಗೆ ಬರೆದ ಕಾಗದ ಇದೇ ಮೊದಲು" ಅಂದ್ರು. "ವಾರ ಕಾಯೋದು ಬೇಡ. ಇವತ್ತಿಂದ ನೀವು ಕಾಯಂ. ವ್ಯಾಪಾರಿಗೆ ನಾನು ಹೇಳ್ಕೊಳ್ತೀನಿ."

ನನ್ನ ಅನ್ನ ಉಳಿಸಿದವರು ಇಬ್ಬರು. ಒಬ್ಬರು ಆ ಮೇಡಂ, ಇನ್ನೊಬ್ಬ ಆ ಮೇಸ್ತ್ರಿ. ಇಬ್ಬರ ಋಣವೂ ನನ್ನ ಮೇಲಿದೆ.

ಹಿತ್ತಲಲ್ಲಿ ಗುಂಡಿ ತೋಡಿಸಿದ್ವಿ. ಆಫೀಸರು ನಾಶಪಡಿಸೋ ಫಾರಂ ತುಂಬ್ತಾ ಕೊನೇ ಕಾಲಮ್ಮಿಗೆ ಬಂದು, "ಮಾಲಿನ ಈಗಿನ ಸ್ಥಿತಿ?" ಅಂತ ನನ್ನ ಕಡೆ ನೋಡಿದ್ರು. ನಾನು ಬಾಯಿ ತೆಗೆಯೋ ಮುಂಚೆ ಮೇಸ್ತ್ರಿ ಸೊಂಟದಿಂದ ಅಡಕತ್ತರಿ ತೆಗೆದು, ಒಂದು ಆಲಿವ್ ಕಾಯಿ ಇಟ್ಟು ಒತ್ತಿ, ಬೆರಳಿಗೆ ಅಂಟಿದ ಎಣ್ಣೆ ಮೂಸಿ ನೋಡಿ, ಮೂವತ್ತು ವರ್ಷದ ಅನುಭವದ ಗಾಂಭೀರ್ಯದಲ್ಲಿ ಹೇಳಿದ:

"ಇನ್ನೆರಡು ಬಿಸಿಲು ಬೇಕು ಅಂತ ಬರ್ಕೊಳ್ಳಿ ಸಾರ್."