ಅಧಿಕೃತ ಬೆರಳು

ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ ಎಂಬುದನ್ನು ಪರ್ವತಾರೋಹಣ ಇಲಾಖೆಯು ಸುದೀರ್ಘ ಚರ್ಚೆಯ ನಂತರ ಒಪ್ಪಿಕೊಂಡಿದೆ. ಆದಕಾರಣ ಎತ್ತರದ ಕಾಯಿಲೆ ಯಾರಿಗೆ ಬಂದೀತೆಂದು ತಿಳಿಯಲು, ಚಾರಣಿಗರೆಲ್ಲರೂ ಬೆರಳಿಗೆ ಕ್ಲಿಪ್ಪು ಹಾಕಿಸಿಕೊಂಡು ರಕ್ತದ ಆಮ್ಲಜನಕ ಅಳೆಸಿಕೊಳ್ಳತಕ್ಕದ್ದು.

ನಾನೂ ಹೋದೆ. ಹದ್ದುಗಳೇ ಕೂತು ಸುಧಾರಿಸಿಕೊಳ್ಳುವ ಶಿಖರವನ್ನು ಒಂದೇ ಉಸಿರಿಗೆ ಹತ್ತುತ್ತೇನೆಂದು ಊಟದ ಹೊತ್ತಿನಲ್ಲಿ ಹೇಳಿದ್ದೆ. ಭಾವಮೈದ ಕೈ ತೊಳೆಯುವ ಮೊದಲೇ ನನ್ನ ಹೆಸರು ಬರೆಸಿಬಿಟ್ಟಿದ್ದ. ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದರೂ ನನಗೆ ಕಣ್ಣು ಕತ್ತಲೆ ಬರುತ್ತದೆ. ಪರೀಕ್ಷೆಯಲ್ಲಿ ಮರ್ಯಾದೆಯಿಂದ ನಪಾಸಾಗುವುದೊಂದೇ ಉಳಿದ ದಾರಿ.

ಕ್ಲಿಪ್ಪು ಸರ್ಕಾರಿ ಸ್ವತ್ತಾದ್ದರಿಂದ ಅದನ್ನು ಒಳಕೋಣೆಯ ಮೇಜಿಗೆ ಸರಪಳಿಯಲ್ಲಿ ಬಿಗಿದಿದ್ದರು. ಒಳಕೋಣೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹಾಗಾಗಿ ಎಲ್ಲರ ಪರವಾಗಿ ಜವಾನನ ಬೆರಳಿಗೇ ಕ್ಲಿಪ್ಪು.

"ತೊಂಬತ್ತೆಂಟು! ಒಳ್ಳೇ ಉಸಿರು ಸಾರ್ ನಿಮ್ದು," ಎಂದರು ವೈದ್ಯಾಧಿಕಾರಿ, ಕಿಟಕಿಯಿಂದ.

"ಅದು ಅವನ ಬೆರಳಲ್ವಾ ಡಾಕ್ಟ್ರೇ? ನಂಗೆ ಮೆಟ್ಟಿಲು ಹತ್ತಿದ್ರೇ ಎದೆ ಡವಡವ ಅನ್ನುತ್ತೆ."

ಅವರು ತಿರುಗಿದರು. "ನಿಂಗೆ ಅನ್ನುತ್ತೇನಯ್ಯಾ?"

"ಇಲ್ಲ ಸಾರ್," ಎಂದ ಜವಾನ.

"ನೋಡಿ. ಸುಮ್ನೆ ಹೆದರ್ತೀರಿ."

ನಾನು ಪಾಸಾದೆ. ಅಂಚೆ ಕಚೇರಿ ಯಾವ ಕಡೆ ಎಂದು ಕೇಳಲು ಬಂದಿದ್ದ ಅಜ್ಜಿಯೂ ಪಾಸಾದರು.

ದಾರಿಯಲ್ಲೂ ತಪಾಸಣೆ ಕಡ್ಡಾಯ. ಮೇಜು, ಸರಪಳಿ ಒಂದು ಹೇಸರಗತ್ತೆಯ ಮೇಲೆ, ಜವಾನ ಇನ್ನೊಂದರ ಮೇಲೆ. ಹಿಮ ಕಾಣುತ್ತಲೇ ನನ್ನ ತಲೆ ಸಿಡಿಯತೊಡಗಿತು, ತುಟಿ ನೇರಳೆಯಾಯಿತು, ಬೆಳಗಿನ ತಿಂಡಿ ಬಂದ ದಾರಿಯಲ್ಲೇ ವಾಪಸಾಯಿತು.

"ಕೆಳಗಿಳಿಸ್ರಪ್ಪಾ, ಸತ್ತೆ!"

ವೈದ್ಯಾಧಿಕಾರಿ ಜವಾನನ ಬೆರಳು ನೋಡಿದರು. "ನಿಮಗೇನೂ ಆಗಿಲ್ಲ, ನಡೀರಿ."

ದಾಖಲೆ ಪ್ರಕಾರ ನಾನು ಆರೋಗ್ಯವಂತನಾಗಿಯೇ ಸಾಯುವುದು ಖಚಿತವಾಯಿತು. ಕೊನೆಯ ಆಸೆಯೆಂದು ಜವಾನನ ಕಾಲು ಹಿಡಿದೆ. "ಅಯ್ಯಾ, ಒಂಚೂರು ನೀನು ನಡಿ, ನಾನು ಕೂರ್ತೀನಿ."

ಪುಣ್ಯಾತ್ಮ ಇಳಿದ. ಮುಂದಿನ ತಿರುವಿನಲ್ಲೇ ಏದುಸಿರು ಬಿಡುತ್ತಾ ಹಿಮದಲ್ಲಿ ಕುಸಿದ. ಕ್ಲಿಪ್ಪು ಹಾಕಿದರೆ ಅರವತ್ತೆಂಟು.

"ಅಯ್ಯಯ್ಯೋ, ಇಡೀ ತಂಡಕ್ಕೇ ಎತ್ತರದ ಕಾಯಿಲೆ!" ಎಂದು ಕೂಗಿದರು ವೈದ್ಯಾಧಿಕಾರಿ.

ತಕ್ಷಣ ಎಲ್ಲರನ್ನೂ ಕೆಳಗೆ ಸಾಗಿಸಲಾಯಿತು. ಆಗಲೇ ತುದಿ ಮುಟ್ಟಿ ಅಂಚೆ ಕಚೇರಿ ಹುಡುಕುತ್ತಿದ್ದ ಅಜ್ಜಿಯನ್ನೂ ಹಿಡಿದು ತಂದು ಸ್ಟ್ರೆಚರಿನಲ್ಲಿ ಮಲಗಿಸಿದರು.

"ನಂಗೇನಾಗಿದೆಯೋ ದಾಂಡಿಗರಾ?"

"ನಿಮಗೆ ಅರವತ್ತೆಂಟು ಅಜ್ಜಿ, ಮಾತಾಡ್ಬೇಡಿ."

ಸಕಾಲಿಕ ತಪಾಸಣೆಯಿಂದ ಸರ್ವರ ಜೀವವೂ ಉಳಿದಿದೆಯೆಂದು ಇಲಾಖೆ ಪ್ರಕಟಿಸಿತು. ಜವಾನನ ಎಡಗೈಯನ್ನು ಮೀಸಲು ಪಡೆಯೆಂದು ಘೋಷಿಸಲಾಯಿತು.

ಮನೆಯಲ್ಲಿ ಭಾವಮೈದ ಕಾಯುತ್ತಿದ್ದ. "ಶಿಖರ ಹತ್ತಲಿಲ್ವಂತಲ್ಲ ಭಾವ?"

"ನಾನೇನೋ ಸಿದ್ಧನಿದ್ದೆ ಕಣಯ್ಯಾ. ಬೆರಳು ಒಪ್ಪಲಿಲ್ಲ."

ಅವನು ಗಂಭೀರವಾಗಿ ತಲೆಯಾಡಿಸಿದ. ಹೆಂಡತಿ ನೀರು ಕೊಡುತ್ತಾ ಕೇಳಿದಳು, "ಈಗ ಹೇಗಿದ್ದೀರಿ?"

"ಗೊತ್ತಿಲ್ಲ ಕಣೇ. ಜವಾನ ರಜೆಯಲ್ಲಿದ್ದಾನೆ."

"ಸರಿ ಬಿಡಿ," ಎಂದು ಹಾಸಿಗೆ ಹಾಸಿದಳು. "ಅವನು ಬರೋವರೆಗೆ ಮಲಗೇ ಇರಿ."